ನಾಲ್ಕು ದಾರದ ಗಾಳಿಪಟ

(ಆಷಾಢದ ಒಂದು ಭಾನುವಾರ ಬಡಾವಣೆಯ ವಾಚನಾಲಯವೊಂದರಲ್ಲಿ ಓದುಗರ ಮುಂದೆ ಮಾಡಿದ ಭಾಷಣದ ಬರಹ ರೂಪ)



ಗಾಳಿಪಟಕ್ಕೆ ಎಷ್ಟು ದಾರ ಎಂದು ಕೇಳಿದರೆ ನೀವೆಲ್ಲ ನಗಬಹುದು. ಒಂದೇ ದಾರ, ಇನ್ನೆಷ್ಟು? ಆಷಾಢದ ಗಾಳಿ ಎದ್ದ ಮೇಲೆ ನಮ್ಮ ಮನೆಗಳ ತಾರಸಿಯಿಂದ ಏರುವ ಪಟಕ್ಕೂ, ದೊಡ್ಡಬಳ್ಳಾಪುರದ ಹಬ್ಬದಲ್ಲಿ ಏರುವ ಪಟಕ್ಕೂ ಇರುವುದು ಒಂದೇ ದಾರ. ಆದರೆ ಪಟದ ಹತ್ತಿರ ಹೋಗಿ ನೋಡಿದರೆ ಆ ಒಂದು ದಾರ ನೇರವಾಗಿ ಪಟಕ್ಕೆ ಕಟ್ಟಿರುವುದಿಲ್ಲ. ನಡುಗಡ್ಡಿಯ ಮೇಲುಗಡೆ ಒಂದು ಎಳೆ, ಕೆಳಗಡೆ ಒಂದು ಎಳೆ. ಎರಡೂ ಸೇರಿ ಒಂದು ಗಂಟು. ಆ ಗಂಟಿಗೆ ದಾರ. ಇದಕ್ಕೆ ನಾವು ‘ಸೂತ್ರ’ ಎನ್ನುತ್ತೇವೆ. ಪಟ ಎಷ್ಟೇ ಚೆನ್ನಾಗಿ ಅಂಟಿಸಿದ್ದರೂ ಸೂತ್ರ ಕೆಟ್ಟರೆ ಅದು ಏರುವುದಿಲ್ಲ, ಏರಿದರೂ ಗೋತಾ ಹೊಡೆಯುತ್ತದೆ. ಸೂತ್ರ ಕಟ್ಟುವವನೇ ಬೇರೆ, ಪಟ ಅಂಟಿಸುವವನೇ ಬೇರೆ ಎಂಬಂಥ ಹುಡುಗರ ಗುಂಪುಗಳು ಪ್ರತಿ ಬೀದಿಯಲ್ಲೂ ಇದ್ದವು. ಸೂತ್ರ ಕಟ್ಟುವವನಿಗೆ ಗೌರವ ಹೆಚ್ಚು.

ಆ ಗಂಟನ್ನು ಒಂದು ಬೆರಳಿನಷ್ಟು ಮೇಲಕ್ಕೆ ಸರಿಸಿದರೆ ಪಟದ ತಲೆ ಗಾಳಿಯ ಕಡೆ ಬಾಗುತ್ತದೆ. ಗಾಳಿ ಅದರ ಮೈಗೆ ಪೂರ್ತಿ ಬಡಿಯದೆ ಜಾರಿಕೊಂಡು ಹೋಗುತ್ತದೆ, ಸೆಳೆತ ಕಡಿಮೆಯಾಗುತ್ತದೆ. ಜೋರು ಗಾಳಿಗೆ ಇದು ಸರಿ. ಕೆಳಕ್ಕೆ ಸರಿಸಿದರೆ ಪಟ ಗಾಳಿಗೆ ಎದೆಯೊಡ್ಡಿ ನಿಲ್ಲುತ್ತದೆ, ಸೆಳೆತ ಹೆಚ್ಚುತ್ತದೆ. ಇನ್ನೂ ಸರಿಸಿದರೆ ಹಾರುವುದನ್ನೇ ಬಿಟ್ಟು ಹಿಂದಕ್ಕೆ ಕುಸಿಯುತ್ತದೆ. ಗಾಳಿಗೆ ಪಟ ಒಡ್ಡುವ ಈ ಓರೆಯೇ ಎಲ್ಲದರ ಮೂಲ. ಇವತ್ತು ನಾನು ಹೇಳಹೊರಟಿರುವ ವಿಷಯ ಇಷ್ಟೇ: ಪಟ ಆಕಾಶದಲ್ಲಿರುವಾಗಲೇ ಆ ಗಂಟನ್ನು ಮೇಲೆ ಕೆಳಗೆ ಸರಿಸುವಂತಿದ್ದರೆ? ಆ ಪ್ರಶ್ನೆಗೆ ಉತ್ತರ ಸಿಗಲು ಬಹಳ ಕಾಲ ಹಿಡಿಯಿತು. ಉತ್ತರ ಸಿಗುವ ಮೊದಲು ಕೆಲವರ ಜೀವವೂ ಹೋಯಿತು.

ಕೈಟ್ ಬೋರ್ಡಿಂಗ್ ಎಂಬ ಆಟವನ್ನು ನಿಮ್ಮಲ್ಲಿ ಅನೇಕರು ಟಿ.ವಿ.ಯಲ್ಲಿ ನೋಡಿರಬಹುದು. ಕಾಲಿಗೆ ಒಂದು ಹಲಗೆ, ಸೊಂಟಕ್ಕೆ ಒಂದು ದಪ್ಪ ಪಟ್ಟಿ, ಕೈಯಲ್ಲಿ ಅರ್ಧ ಮೀಟರ್ ಉದ್ದದ ಒಂದು ಹಿಡಿಕೋಲು, ಅದರಿಂದ ಇಪ್ಪತ್ತು ಇಪ್ಪತ್ತೈದು ಮೀಟರ್ ಮೇಲೆ ಬಿಲ್ಲಿನಂತೆ ಬಾಗಿದ ದೊಡ್ಡ ಪಟ. ಪಟ ಎಳೆಯುತ್ತದೆ, ಮನುಷ್ಯ ಸಮುದ್ರದ ಮೇಲೆ ಜಾರುತ್ತಾನೆ, ಮನಸ್ಸಾದರೆ ಎರಡು ಮೂರು ಮಹಡಿಯಷ್ಟು ಎತ್ತರ ಹಾರಿ ಮತ್ತೆ ನೀರಿಗಿಳಿಯುತ್ತಾನೆ. ನೋಡಲು ಬಹಳ ಸೊಗಸು. ಆದರೆ ಆ ಹಿಡಿಕೋಲಿನಿಂದ ಮೇಲಕ್ಕೆ ಹೋಗುವ ದಾರಗಳನ್ನು ಎಣಿಸಿದವರು ಕಡಿಮೆ. ಸಾಮಾನ್ಯವಾಗಿ ನಾಲ್ಕು. ಮೊದಲು ಎರಡಿದ್ದವು. ಕೆಲವು ಪಟಗಳಿಗೆ ಐದು.

ಮನುಷ್ಯ ಗಾಳಿಪಟದಿಂದ ತನ್ನನ್ನು ಎಳೆಸಿಕೊಳ್ಳುವ ಆಸೆ ಹೊಸದೇನಲ್ಲ. ಮಿಂಚನ್ನು ಗಾಳಿಪಟದಿಂದ ಪರೀಕ್ಷಿಸಿದ ಬೆಂಜಮಿನ್ ಫ್ರಾಂಕ್ಲಿನ್ ನಿಮಗೆ ಗೊತ್ತು. ಆತ ಬಾಲಕನಾಗಿದ್ದಾಗ ಕೊಳದಲ್ಲಿ ಅಂಗಾತ ಮಲಗಿ, ಪಟದ ದಾರಕ್ಕೆ ಕಟ್ಟಿದ ಕೋಲನ್ನು ಹಿಡಿದು, ಈಜದೆಯೇ ಆಚೆ ದಡ ಸೇರಿದ್ದನ್ನು ಮುಂದೆ ಪತ್ರವೊಂದರಲ್ಲಿ ಬರೆದಿದ್ದಾನೆ. ಅಲ್ಲಿ ಇದ್ದದ್ದು ಒಂದೇ ದಾರ. ಗಾಳಿ ಹೋದ ಕಡೆ ಫ್ರಾಂಕ್ಲಿನ್, ಅಷ್ಟೇ.

ಒಂದಕ್ಕಿಂತ ಹೆಚ್ಚು ದಾರ ಬೇಕು ಎಂದು ಗಂಭೀರವಾಗಿ ಯೋಚಿಸಿದವನು ಇಂಗ್ಲೆಂಡಿನ ಬ್ರಿಸ್ಟಲ್ ನಗರದ ಶಾಲಾ ಮಾಸ್ತರ ಜಾರ್ಜ್ ಪೊಕಾಕ್. ಈತ 1826ರಲ್ಲಿ ಗಾಳಿಪಟ ಎಳೆಯುವ ಗಾಡಿಯೊಂದಕ್ಕೆ ಪೇಟೆಂಟ್ ಪಡೆದ. ಒಂದರ ಹಿಂದೆ ಒಂದು ಎರಡು ಪಟ, ಅವನ್ನು ಆಡಿಸಲು ನಾಲ್ಕು ದಾರ. ದಾರಗಳನ್ನು ಎಳೆದು ಸಡಿಲಿಸಿ ಪಟವನ್ನು ಎಡಕ್ಕೆ ಬಲಕ್ಕೆ ತಿರುಗಿಸಬಹುದಿತ್ತು, ಅದರ ಓರೆಯನ್ನೂ ಬದಲಿಸಬಹುದಿತ್ತು. ಇವತ್ತಿನ ಕೈಟ್ ಬೋರ್ಡಿನ ತತ್ವವೆಲ್ಲ ಅಲ್ಲಿ ಆಗಲೇ ಇತ್ತು ಎಂದರೆ ಅತಿಶಯೋಕ್ತಿಯಲ್ಲ. ಆ ಕಾಲದಲ್ಲಿ ರಸ್ತೆಯ ಸುಂಕವನ್ನು ಗಾಡಿಗೆ ಕಟ್ಟಿದ ಕುದುರೆಗಳನ್ನು ಎಣಿಸಿ ವಸೂಲು ಮಾಡುತ್ತಿದ್ದರು. ಪೊಕಾಕನ ಗಾಡಿಗೆ ಕುದುರೆಯೇ ಇಲ್ಲ. ಸುಂಕದ ಕಟ್ಟೆಯವರು ಕೈಕಟ್ಟಿ ನೋಡುತ್ತ ನಿಲ್ಲಬೇಕಾಯಿತು.

ಇಲ್ಲೊಂದು ಸ್ವಾರಸ್ಯವಿದೆ, ಕ್ರಿಕೆಟ್ ಪ್ರಿಯರು ಕೇಳಬೇಕು. ಈ ಮಾಸ್ತರ ತನ್ನ ಮಗಳು ಮಾರ್ಥಾಳನ್ನು ಕುರ್ಚಿಯಲ್ಲಿ ಕೂರಿಸಿ ಗಾಳಿಪಟದಿಂದ ಇನ್ನೂರೈವತ್ತು ಅಡಿಗೂ ಎತ್ತರಕ್ಕೆ ಏರಿಸಿದ್ದ. ಆ ಹುಡುಗಿ ಹೆದರದೆ ಕೆಳಗಿಳಿದು ಬಂದಳು. ಮುಂದೆ ಅವಳ ಹೊಟ್ಟೆಯಲ್ಲಿ ಹುಟ್ಟಿದವನೇ ಕ್ರಿಕೆಟ್ಟಿನ ಪಿತಾಮಹ ಎನಿಸಿದ ಡಬ್ಲ್ಯು. ಜಿ. ಗ್ರೇಸ್. ಅಂದು ದಾರ ಹರಿದಿದ್ದರೆ ಕ್ರಿಕೆಟ್ ಚರಿತ್ರೆಯ ಮೊದಲ ಅಧ್ಯಾಯವನ್ನೇ ಬೇರೆಯಾಗಿ ಬರೆಯಬೇಕಾಗುತ್ತಿತ್ತು.

ಪೊಕಾಕನ ನಂತರ ಹೇಳಬೇಕಾದ ಹೆಸರು ಸ್ಯಾಮ್ಯುಯೆಲ್ ಕೋಡಿ. ಅಮೆರಿಕದಲ್ಲಿ ಹುಟ್ಟಿ, ಕೌಬಾಯ್ ವೇಷದಲ್ಲಿ ಇಂಗ್ಲೆಂಡಿನ ರಂಗಮಂದಿರಗಳಲ್ಲಿ ಪ್ರದರ್ಶನ ಕೊಡುತ್ತಿದ್ದ ಮನುಷ್ಯ. 1903ರ ನವೆಂಬರಿನಲ್ಲಿ ಗಾಳಿಪಟ ಎಳೆಯುವ ಪುಟ್ಟ ದೋಣಿಯಲ್ಲಿ ಫ್ರಾನ್ಸಿನ ಕಲೇಯಿಂದ ಇಂಗ್ಲೆಂಡಿನ ಡೋವರಿಗೆ ಕಡಲ್ಗಾಲುವೆಯನ್ನು ದಾಟಿದ. ಅವನ ಮನುಷ್ಯರನ್ನೆತ್ತುವ ಪಟಗಳನ್ನು ಬ್ರಿಟಿಷ್ ಸೇನೆ ಕೊಂಡುಕೊಂಡಿತು. ಆದರೆ ಅದೇ ವರ್ಷದ ಡಿಸೆಂಬರಿನಲ್ಲಿ ರೈಟ್ ಸಹೋದರರು ವಿಮಾನ ಹಾರಿಸಿದರು. ಕೋಡಿಯೂ ವಿಮಾನದ ಕಡೆ ತಿರುಗಿ, 1908ರಲ್ಲಿ ಬ್ರಿಟನ್ನಿನ ನೆಲದ ಮೇಲೆ ಮೊದಲ ಬಾರಿಗೆ ಎಂಜಿನ್ ವಿಮಾನ ಹಾರಿಸಿ, 1913ರಲ್ಲಿ ವಿಮಾನ ಅಪಘಾತದಲ್ಲೇ ತೀರಿಕೊಂಡ. ದೊಡ್ಡವರಿಗೆ ಆಕಾಶಕ್ಕೆ ಹೋಗುವ ಬೇರೆ ದಾರಿ ಸಿಕ್ಕಿತು. ಗಾಳಿಪಟ ಮಕ್ಕಳ ಪಾಲಿಗೆ ಉಳಿಯಿತು.

ಈಗ ಎಂಬತ್ತರ ದಶಕಕ್ಕೆ ಬರೋಣ. ಫ್ರಾನ್ಸಿನ ಬ್ರಿಟನಿ ಕರಾವಳಿಯಲ್ಲಿ ಬ್ರೂನೋ ಮತ್ತು ಡೊಮಿನಿಕ್ ಲೆಗೆನ್ಯೂ ಎಂಬ ಅಣ್ಣತಮ್ಮಂದಿರು. ಇಬ್ಬರೂ ಹಾಯಿದೋಣಿಯವರು. ಅವರ ತಲೆ ಕೊರೆಯುತ್ತಿದ್ದ ಸಮಸ್ಯೆ ಸರಳವಾದದ್ದು: ಗಾಳಿಪಟ ನೀರಿಗೆ ಬಿದ್ದರೆ ಏನು ಮಾಡುವುದು? ನೆಲದ ಮೇಲಾದರೆ ಓಡಿಹೋಗಿ ಎತ್ತಿ ಹಿಡಿಯಲು ಒಬ್ಬ ತಮ್ಮ ಇರುತ್ತಾನೆ. ಸಮುದ್ರದ ನಡುವೆ ಯಾರಿದ್ದಾರೆ? ಒದ್ದೆಯಾದ ಬಟ್ಟೆ ನೀರಿಗಂಟಿಕೊಂಡು ಮುಳುಗುತ್ತದೆ, ಆಟ ಅಲ್ಲಿಗೆ ಮುಗಿಯುತ್ತದೆ. ಅಣ್ಣತಮ್ಮಂದಿರು ಕಡ್ಡಿಯ ಜಾಗದಲ್ಲಿ ಗಾಳಿ ತುಂಬಿದ ಕೊಳವೆಗಳನ್ನಿಟ್ಟರು. ಮುಂದಿನ ಅಂಚಿಗೆ ಒಂದು ದಪ್ಪ ಕೊಳವೆ, ಅದಕ್ಕೆ ಅಡ್ಡಲಾಗಿ ಪಕ್ಕೆಲುಬಿನಂತೆ ಸಣ್ಣ ಕೊಳವೆಗಳು. ಸೈಕಲ್ ಟ್ಯೂಬಿಗೆ ಹೊಡೆದಂತೆ ಪಂಪಿನಿಂದ ಗಾಳಿ ಹೊಡೆಯಬೇಕು. ಇಡೀ ಪಟವನ್ನು ಇಂಗ್ಲಿಷಿನ ‘ಸಿ’ ಅಕ್ಷರದಂತೆ ಬಾಗಿಸಿದರು. ಬಿದ್ದರೆ ಅದು ತೇಲುತ್ತದೆ, ದಾರ ಎಳೆದರೆ ಮಗ್ಗುಲಿಗೆ ಹೊರಳುತ್ತದೆ, ಗಾಳಿ ಅದರ ಹೊಟ್ಟೆಗೆ ಸೇರಿ ತಾನಾಗಿ ಏಳುತ್ತದೆ.

1984ರ ನವೆಂಬರಿನಲ್ಲಿ ಪೇಟೆಂಟ್ ಅರ್ಜಿ ಹಾಕಿದರು. ಆಮೇಲೆ ಸುಮಾರು ಹತ್ತು ವರ್ಷ ಯಾರೂ ಕಣ್ಣೆತ್ತಿ ನೋಡಲಿಲ್ಲ. ಹಾಯಿ ಕಟ್ಟಿದ ಹಲಗೆಯ ಮೇಲೆ ನಿಂತು ಸಾಗುವ ವಿಂಡ್ ಸರ್ಫಿಂಗ್ ಆಗ ಉತ್ತುಂಗದಲ್ಲಿತ್ತು; ಆ ಕಂಪನಿಗಳಿಗೆ ಗಾಳಿಪಟದ ಹುಚ್ಚು ಬೇಕಿರಲಿಲ್ಲ. ಕಡೆಗೆ ಅಣ್ಣತಮ್ಮಂದಿರು ತಾವೇ ‘ವಿಪಿಕಾ’ ಎಂಬ ಹೆಸರಿನಲ್ಲಿ ಪಟ ತಯಾರಿಸಿ ಮಾರಲು ಹೊರಟರು. ಹೆಚ್ಚುಕಡಿಮೆ ಅದೇ ಕಾಲಕ್ಕೆ ಅಮೆರಿಕದಲ್ಲಿ ಬೋಯಿಂಗ್ ಕಂಪನಿಯ ವಾಯುಗತಿ ತಜ್ಞ ಬಿಲ್ ರೋಸ್ಲರ್ ಮತ್ತು ಅವರ ಮಗ ಕೋರಿ ಬೇರೆಯೇ ಉಪಾಯ ಹೂಡಿದ್ದರು. ಅವರದು ಕಡ್ಡಿಯುಳ್ಳ ಪಟ, ಎರಡು ದಾರ. ಪಟ ನೀರಿಗೆ ಬಿದ್ದರೆ ಹಿಡಿಕೋಲಿಗೇ ಜೋಡಿಸಿದ ರಾಟೆಯಿಂದ ದಾರ ಸುತ್ತಿಕೊಂಡು, ಪಟವನ್ನು ಕೈಹತ್ತಿರ ತಂದು, ಮತ್ತೆ ಗಾಳಿಗೆ ಬಿಡುವುದು. ಬುದ್ಧಿವಂತಿಕೆ ಇತ್ತು, ಆದರೆ ಭಾರ. 1996ರ ಹೊತ್ತಿಗೆ ಹವಾಯಿಯ ಮಾವಿ ದ್ವೀಪದಲ್ಲಿ ಲೇರ್ಡ್ ಹ್ಯಾಮಿಲ್ಟನ್, ಮನು ಬೆರ್ತಾನ್ ಮುಂತಾದ ಅಲೆಗಾರರು ಪಟ ಹಿಡಿದು ನೀರಿಗಿಳಿದರು. ಅವರ ಚಿತ್ರಗಳು ಜಗತ್ತನ್ನೆಲ್ಲ ಸುತ್ತಿದವು. ಗೆದ್ದದ್ದು ಗಾಳಿ ತುಂಬಿದ ಪಟ.

ಆರಂಭದ ಆ ಪಟಗಳಿಗೆ ಎರಡೇ ದಾರ ಎಂದೆ. ಎಡದ ದಾರ ಎಳೆದರೆ ಎಡಕ್ಕೆ, ಬಲದ ದಾರ ಎಳೆದರೆ ಬಲಕ್ಕೆ. ಚಾಲನೆಗೇನೋ ಸಾಕು. ಆದರೆ ಪಟದ ಓರೆ ದಡದಲ್ಲಿ ಕಟ್ಟಿದಷ್ಟೇ. ಮೇಲೆ ಹೋದ ಮೇಲೆ ಬದಲಿಸುವಂತಿಲ್ಲ. ಗೇರು ಇದೆ, ಬ್ರೇಕ್ ಇಲ್ಲ ಎಂಬಂಥ ಸ್ಥಿತಿ. ಇದರ ಅಪಾಯ ತಿಳಿಯಬೇಕಾದರೆ ಸ್ವಲ್ಪ ಲೆಕ್ಕ ಮಾಡಬೇಕು, ಬೇಸರಪಡಬೇಡಿ.

ಗಾಳಿಯ ವೇಗ ಎರಡರಷ್ಟಾದರೆ ಅದರ ಬಲ ಎರಡರಷ್ಟಲ್ಲ, ನಾಲ್ಕರಷ್ಟು. 12 ಚದರ ಮೀಟರಿನ ಒಂದು ಪಟ ಎಂದುಕೊಳ್ಳಿ, ಅಂದರೆ ಒಂದು ಸಣ್ಣ ಕೋಣೆಯ ನೆಲದಷ್ಟು ಬಟ್ಟೆ. ಗಾಳಿ ಸೆಕೆಂಡಿಗೆ 8 ಮೀಟರ್. ಗಂಟೆಗೆ 29 ಕಿಲೋಮೀಟರ್ ಹತ್ತಿರ. ನಿಂತಲ್ಲೇ ನಿಂತ ಪಟ ಇದರಲ್ಲಿ 35-40 ಕಿಲೋ ತೂಕದಷ್ಟು ಸೆಳೆಯುತ್ತದೆ. ತಡೆದುಕೊಳ್ಳಬಹುದು. ಆದರೆ ಪಟ ನಿಂತಲ್ಲಿ ನಿಲ್ಲುವುದಿಲ್ಲವಲ್ಲ. ಗಾಳಿಗೆ ಅಡ್ಡಲಾಗಿ ಅದು ನುಗ್ಗತೊಡಗಿದರೆ ತನ್ನ ಓಟದಿಂದಲೇ ಇನ್ನಷ್ಟು ಗಾಳಿಯನ್ನು ಹುಟ್ಟಿಸಿಕೊಳ್ಳುತ್ತದೆ. ಗಾಳಿಯೇ ಇಲ್ಲದ ದಿನ ಸ್ಕೂಟರ್ ಓಡಿಸಿದರೂ ಮುಖಕ್ಕೆ ಗಾಳಿ ಹೊಡೆಯುವಂತೆ. ಪಟಕ್ಕೆ ತಗಲುವ ಗಾಳಿ ಸೆಕೆಂಡಿಗೆ 16 ಮೀಟರ್ ಆಯಿತೆನ್ನಿ. ಸೆಳೆತ ನೂರೈವತ್ತು ಕಿಲೋ ಹತ್ತಿರ ಹೋಗುತ್ತದೆ. ಎಪ್ಪತ್ತು ಕಿಲೋ ಮನುಷ್ಯ ಆ ಕ್ಷಣದಲ್ಲಿ ಏನಾಗುತ್ತಾನೆ ಎಂದು ಹೇಳಬೇಕಿಲ್ಲ.

ಸವಾರರು ತಮ್ಮೆದುರಿನ ಆಕಾಶವನ್ನು ಒಂದು ಕಿಟಕಿಯಂತೆ ಭಾವಿಸುತ್ತಾರೆ. ಗಾಳಿಗೆ ಬೆನ್ನು ಮಾಡಿ ನಿಂತರೆ ಎಡಗೈ ಕಡೆಯ ದಿಗಂತದಿಂದ ನೆತ್ತಿಯ ಮೇಲಾಗಿ ಬಲಗೈ ದಿಗಂತದವರೆಗೆ ಕಿಟಕಿಯ ಚೌಕಟ್ಟು. ಚೌಕಟ್ಟಿನ ಮೇಲಿದ್ದಾಗ ಪಟ ಶಾಂತ. ಕಿಟಕಿಯ ನಡುವೆ, ಸವಾರನ ಎದುರಿಗೆ ಕೆಳಗೆ ಬಂದಾಗ ರುದ್ರ. ಎರಡು ದಾರದವನಿಗೆ ಇದ್ದ ಒಂದೇ ರಕ್ಷಣೆ ಪಟವನ್ನು ಚೌಕಟ್ಟಿಗೆ ಕೊಂಡೊಯ್ಯುವುದು. ಜೋರು ಗಾಳಿ ಬಂದಾಗ ಪಟ ನಡುವೆ ಇದ್ದರೆ ಹಿಡಿಕೋಲನ್ನೇ ಕೈಬಿಡಬೇಕು. ಮನುಷ್ಯನ ಸ್ವಭಾವ ನೋಡಿ: ಹೆದರಿದಾಗ ಕೈ ಬಿಡುವುದಿಲ್ಲ, ಇನ್ನಷ್ಟು ಬಿಗಿಯಾಗಿ ಹಿಡಿಯುತ್ತದೆ.

ತೊಂಬತ್ತರ ದಶಕದ ಕೊನೆಗೆ ನಾಲ್ಕು ದಾರಗಳ ಕ್ರಮ ಹಬ್ಬಿತು. ಇದನ್ನು ನಿಧಾನವಾಗಿ ಹೇಳುತ್ತೇನೆ, ಏಕೆಂದರೆ ಜಾಣ್ಮೆಯೆಲ್ಲ ಇಲ್ಲಿದೆ. ಪಟದ ಮುಂದಿನ ಅಂಚಿನ ಎರಡು ತುದಿಗಳಿಂದ ಎರಡು ದಾರ ಇಳಿದು ಬರುತ್ತವೆ. ಇವು ಮುಂದಾರಗಳು ಎನ್ನೋಣ. ಇವೆರಡೂ ಕೂಡಿ ಒಂದಾಗಿ, ಹಿಡಿಕೋಲಿನ ನಡುವಿನ ತೂತಿನ ಮೂಲಕ ಹಾದು, ಸವಾರನ ಸೊಂಟಪಟ್ಟಿಯ ಕೊಕ್ಕೆಗೆ ಸಿಕ್ಕಿಕೊಳ್ಳುತ್ತವೆ. ಹಿಂದಿನ ಅಂಚಿನ ತುದಿಗಳಿಂದ ಬರುವ ಎರಡು ಹಿಂದಾರಗಳು ಹಿಡಿಕೋಲಿನ ಎರಡು ಕೊನೆಗಳಿಗೆ. ಅಂದರೆ ಭಾರವೆಲ್ಲ ಮುಂದಾರದ ಮೂಲಕ ಸೊಂಟಕ್ಕೆ; ಕೈಗೆ ಉಳಿಯುವುದು ನಡೆಸುವ ಕೆಲಸ ಮಾತ್ರ. ಹಿಡಿಕೋಲನ್ನು ಮೈಕಡೆಗೆ ಎಳೆದುಕೊಂಡರೆ ಹಿಂದಾರಗಳು ಗಿಡ್ಡವಾಗಿ ಪಟದ ಹಿಂಭಾಗ ಕೆಳಗಿಳಿಯುತ್ತದೆ, ಪಟ ಗಾಳಿಗೆ ಎದೆಯೊಡ್ಡುತ್ತದೆ, ಸೆಳೆತ ಏರುತ್ತದೆ. ದೂರ ತಳ್ಳಿದರೆ ಹಿಂದಾರ ಸಡಿಲ, ಪಟ ಗಾಳಿಯ ಜೊತೆ ಚಪ್ಪಟೆಯಾಗುತ್ತದೆ, ಸೆಳೆತ ಇಳಿಯುತ್ತದೆ.

ನಮ್ಮ ಸೂತ್ರದ ಗಂಟನ್ನು ಬೆರಳಷ್ಟು ಮೇಲೆ ಕೆಳಗೆ ಸರಿಸಿದ್ದೆವಲ್ಲ, ಅದೇ ಇದು. ಈಗ ಆ ಗಂಟು ಸವಾರನ ಕೈಯಲ್ಲಿದೆ. ಹೆದರಿ ಕೈಬಿಟ್ಟರೂ ಹಿಡಿಕೋಲು ತಾನಾಗಿ ದೂರ ಸರಿದು ಪಟ ಸೌಮ್ಯವಾಗುತ್ತದೆ.

ಸೊಂಟಕ್ಕೆ ಸಿಕ್ಕಿಸುವ ಆ ಕುಣಿಕೆಗೆ ಅವರಿಟ್ಟ ಹೆಸರು ‘ಚಿಕನ್ ಲೂಪ್’. ಇಂಗ್ಲಿಷಿನಲ್ಲಿ ಕೋಳಿ ಎಂದರೆ ಪುಕ್ಕಲ. ಸೆಳೆತ ತಗ್ಗಿಸಿಕೊಳ್ಳಲು ಅದಕ್ಕೆ ಸಿಕ್ಕಿಕೊಳ್ಳುವವನು ಪುಕ್ಕಲ ಎಂಬ ಗೇಲಿಯಿಂದ ಈ ಹೆಸರು ಬಂತು ಎನ್ನುತ್ತಾರೆ. ಈಗ ಪುಕ್ಕಲನಲ್ಲದವನೂ ಅದಿಲ್ಲದೆ ನೀರಿಗಿಳಿಯುವುದಿಲ್ಲ.

ಆದರೂ ಸಮಸ್ಯೆ ಪೂರ್ತಿ ತೀರಲಿಲ್ಲ. ಸಿ ಆಕಾರದ ಪಟದಲ್ಲಿ ದಾರಗಳು ನಾಲ್ಕು ಮೂಲೆಗಳಿಗೆ ಮಾತ್ರ ಕಟ್ಟಿರುತ್ತವೆ. ನಡುವಿನ ಅಂಚಿಗೆ ಆಧಾರವಿಲ್ಲ. ಹಿಂದಾರವನ್ನು ತೀರ ಸಡಿಲಿಸಿದರೆ ಪಟದ ಮುಂದಿನ ಅಂಚು ಗಾಳಿಗೆ ಸೋತು ಮಡಚಿಕೊಳ್ಳುತ್ತದೆ. ಹಾಗಾಗಿ ಸೆಳೆತವನ್ನು ಒಂದು ಮಿತಿಯವರೆಗೆ ಇಳಿಸಬಹುದಿತ್ತೇ ಹೊರತು ಇಲ್ಲವಾಗಿಸಲು ಆಗುತ್ತಿರಲಿಲ್ಲ. ಗುಡುಗು ಮೋಡದ ಮುಂದಿನ ಬಿರುಗಾಳಿಗೆ ಸಿಕ್ಕಿ, ದಡದ ಗೋಡೆಗೆ, ಬಂಡೆಗೆ ಬಡಿದು ಸತ್ತವರ ಸುದ್ದಿಗಳು ಆ ವರ್ಷಗಳಲ್ಲಿ ಬರುತ್ತಲೇ ಇದ್ದವು. ಇವರೆಲ್ಲ ಕಲಿಯುವವರೇ ಎನ್ನುವಂತಿಲ್ಲ. 2002ರಲ್ಲಿ ಜರ್ಮನಿಯ ಅಗ್ರ ಸ್ಪರ್ಧಿ ಸಿಲ್ಕೆ ಗೋರ್ಲ್ಟ್ ಅವರು ಫೆಹ್ಮಾರ್ನ್ ದ್ವೀಪದ ಸ್ಪರ್ಧೆಯೊಂದರಲ್ಲೇ ಪ್ರಾಣ ಕಳೆದುಕೊಂಡರು. ಆಟವನ್ನೇ ನಿಷೇಧಿಸಬೇಕೆಂಬ ಮಾತು ಹಲವು ಕಡಲತೀರಗಳಲ್ಲಿ ಎದ್ದಿತು.

ಒಂದು ಪರಿಹಾರ ಐದನೆಯ ದಾರ. ಇದು ಮುಂದಿನ ಅಂಚಿನ ನಡುಮಧ್ಯಕ್ಕೆ ಕಟ್ಟುವ ದಾರ. ಅಂಚಿಗೆ ಆಸರೆಯಾಗುತ್ತದೆ, ಅಪಾಯ ಬಂದಾಗ ಪಟದ ಇಡೀ ಭಾರವನ್ನು ಇದೊಂದರ ಮೇಲೆ ಬಿಟ್ಟರೆ ಪಟ ಬಾವುಟದಂತೆ ಪಟಪಟಿಸಿ ಸೆಳೆತ ಕಳೆದುಕೊಳ್ಳುತ್ತದೆ, ಬಿದ್ದ ಪಟವನ್ನು ಎಬ್ಬಿಸಲೂ ಅನುಕೂಲ. ಆದರೆ ದಾರ ಹೆಚ್ಚಿದಷ್ಟೂ ತೊಡಕು ಹೆಚ್ಚು. ಪಟ ಹೊರಳಿದಾಗ ಐದನೆಯ ದಾರ ಅದರ ಮೈಗೆ ಸುತ್ತಿಕೊಂಡು ಹೊಸ ಗಂಡಾಂತರ ತಂದದ್ದೂ ಉಂಟು.

ನಿಜವಾದ ತಿರುವು 2005ರಲ್ಲಿ ಬಂತು, ಅದೂ ಹಳಬರ ಕೈಯಿಂದಲೇ. ಬ್ರೂನೋ ಲೆಗೆನ್ಯೂ ತನ್ನ ಸಿ ಪಟವನ್ನು ತಾನೇ ಹಳತು ಮಾಡಿ ‘ಬೋ’, ಅಂದರೆ ಬಿಲ್ಲಿನಾಕಾರದ ಪಟವನ್ನು ಹೊರತಂದ. ಹೆಚ್ಚು ಚಪ್ಪಟೆ, ಹಿಂದಿನ ಅಂಚು ಒಳಕ್ಕೆ ಕೊರೆದಂತೆ ಬಾಗಿದ್ದು. ಇವೆಲ್ಲಕ್ಕಿಂತ ಮುಖ್ಯವಾಗಿ ಮುಂದಿನ ಅಂಚಿನ ಉದ್ದಕ್ಕೂ ಹಲವು ಕಡೆ ಹಿಡಿದು ನಿಲ್ಲಿಸುವ ಸಣ್ಣ ದಾರಗಳ ಜಾಲ. ಮುಂದಾರ ಈಗ ಮೂಲೆಗೆ ಸೇರುವುದಿಲ್ಲ, ಈ ಜಾಲಕ್ಕೆ ಸೇರುತ್ತದೆ. ಅಂಚಿಗೆ ಆಸರೆ ಸಿಕ್ಕಿದ್ದರಿಂದ ಹಿಂದಾರವನ್ನು ಪೂರ್ತಿ ಸಡಿಲಿಸಿದರೂ ಪಟ ಮಡಚುವುದಿಲ್ಲ. ಸೆಳೆತವನ್ನು ಹೆಚ್ಚುಕಡಿಮೆ ಸೊನ್ನೆಗೆ ಇಳಿಸಬಹುದು. ಆ ಸಣ್ಣ ದಾರಗಳ ಜಾಲ ಎಂದರೆ ಏನು? ನಮ್ಮ ಸೂತ್ರವೇ. ಸಿ ಪಟದವರು ಸೂತ್ರವನ್ನು ಕಿತ್ತುಹಾಕಿ ಮೂಲೆಗೆ ದಾರ ಕಟ್ಟಿದ್ದರು. ಇಪ್ಪತ್ತು ವರ್ಷದ ಮೇಲೆ ಸೂತ್ರ ಮರಳಿ ಬಂತು.

ಮೊದಲ ಬಿಲ್ಲು ಪಟಗಳಲ್ಲಿ ದೋಷವಿರಲಿಲ್ಲವೆಂದಲ್ಲ. ಕೈಗೆ ಭಾರ ಬೀಳುತ್ತಿತ್ತು, ಸೂತ್ರದಲ್ಲಿದ್ದ ಪುಟ್ಟ ರಾಟೆಗಳು ಮರಳು ಉಪ್ಪಿಗೆ ಸವೆಯುತ್ತಿದ್ದವು, ಕೆಲವೊಮ್ಮೆ ಪಟ ಅಂಗಿಯಂತೆ ಒಳಹೊರಗಾಗಿ ತಿರುಗಿಬಿಡುತ್ತಿತ್ತು. ಇವನ್ನು ತಿದ್ದುತ್ತ ತಿದ್ದುತ್ತ ಸಿ ಮತ್ತು ಬಿಲ್ಲಿನ ನಡುವಿನ ಹತ್ತಾರು ಆಕಾರಗಳು ಹುಟ್ಟಿದವು. ಈಗ ಮಾರುವ ಪಟಗಳಲ್ಲಿ ಬಹುಪಾಲು ಇಂಥ ಬೆರಕೆಗಳು. ನಡುಗಾಳಿಯಲ್ಲಿ ಚಮತ್ಕಾರ ಮಾಡುವ ಕೆಲವರು ಮಾತ್ರ ಇಂದಿಗೂ ಸಿ ಪಟವನ್ನೇ ಮೆಚ್ಚುತ್ತಾರೆ. ಅದರ ಸೆಳೆತ ನೇರ, ಕೈಗೆ ಸಿಗುವ ಉತ್ತರ ಸ್ಪಷ್ಟ ಎನ್ನುವುದು ಅವರ ವಾದ.

ದಾರದ ಉದ್ದದ ಬಗ್ಗೆ ಎರಡು ಮಾತು. ಸಾಮಾನ್ಯವಾಗಿ ದಾರ 20ರಿಂದ 25 ಮೀಟರ್. ನಾಲ್ಕು ಮೀಟರ್ ವ್ಯತ್ಯಾಸದಿಂದ ಏನಾಗುತ್ತದೆ ಎನ್ನಬಹುದು. ದಿಗಂತದಿಂದ ನೆತ್ತಿಗೆ ಏರುವಾಗ ಪಟ ಸಾಗುವುದು ಕಾಲು ವೃತ್ತ. 20 ಮೀಟರ್ ದಾರವಿದ್ದರೆ ಆ ದಾರಿ 31 ಮೀಟರ್, 24 ಇದ್ದರೆ 38ರ ಹತ್ತಿರ. ಓಡಲು ಹೆಚ್ಚು ಜಾಗವಿದ್ದಷ್ಟೂ ಪಟ ಹೆಚ್ಚು ವೇಗ ಗಳಿಸುತ್ತದೆ, ಹೆಚ್ಚು ಹೊತ್ತು ಎಳೆಯುತ್ತದೆ. ನೀರಿನ ಮೇಲಕ್ಕೆ ಹೋದಷ್ಟೂ ಗಾಳಿ ತುಸು ಜೋರು ಬೇರೆ. ಆದ್ದರಿಂದ ಮಂದ ಗಾಳಿಗೆ ಉದ್ದ ದಾರ. ಆದರೆ ಅದರೊಂದಿಗೆ ತಡವೂ ಬರುತ್ತದೆ. ಕೈ ಹೇಳಿದ್ದು ಪಟಕ್ಕೆ ತಲುಪುವಷ್ಟರಲ್ಲಿ ಅಲೆ ದಾಟಿರುತ್ತದೆ. ಗಾಳಿಯನ್ನು ಸೀಳಿಕೊಂಡು ಹೋಗಬೇಕಾದ ದಾರವೂ ಒಟ್ಟು ನೂರು ಮೀಟರ್ ಹತ್ತಿರವಾಗುತ್ತದೆ. ಅಲೆಗಳ ನಡುವೆ ಆಡುವವರು, ಬಿರುಗಾಳಿಯಲ್ಲಿ ಹೋಗುವವರು ದಾರ ಗಿಡ್ಡ ಮಾಡಿಕೊಳ್ಳುತ್ತಾರೆ. ಪಟ ಚುರುಕಾಗಿ ತಿರುಗುತ್ತದೆ, ತಪ್ಪು ಮಾಡಿದರೆ ಸಿಗುವ ಪೆಟ್ಟೂ ಸಣ್ಣದು. ಹಿಡಿಕೋಲಿನ ಅಗಲವೂ ಹೀಗೆಯೇ: ದೊಡ್ಡ ಪಟ ಆಲಸಿ, ಅದಕ್ಕೆ ಅಗಲ ಕೋಲು, ಸಣ್ಣ ಪಟ ಚುರುಕು, ಅದಕ್ಕೆ ಗಿಡ್ಡ ಕೋಲು.

ಮುಂದಾರಗಳೆರಡು ಹಿಡಿಕೋಲಿನ ಹತ್ತಿರವೇ ಕೂಡಬೇಕೋ, ಬಹಳ ಮೇಲೆ ಕೂಡಬೇಕೋ ಎಂಬುದೊಂದು ವಾದವಿದೆ. ಕೆಳಗೆ ಕೂಡಿದರೆ ಪಟದ ತುದಿಗಳು ಅಗಲವಾಗಿ ನಿಂತು ಪಟ ಸ್ಥಿರವಾಗಿರುತ್ತದೆ. ಮೇಲೆ ಕೂಡಿದರೆ ತುದಿಗಳು ಒಳಕ್ಕೆ ಎಳೆಯಲ್ಪಡುತ್ತವೆ, ಆದರೆ ಅಪಾಯದಲ್ಲಿ ಪಟವನ್ನು ಒಂದೇ ದಾರದ ಮೇಲೆ ಬಿಡುವುದು ಸಲೀಸು. ಸವಾರರು ಈ ವಿಷಯದಲ್ಲಿ ಮಾಡುವ ಜಗಳ ಬಿಸಿಬೇಳೆ ಭಾತಿಗೆ ಬೂಂದಿಯೋ ಚಿಪ್ಸೋ ಎಂಬ ಜಗಳದಷ್ಟೇ ತೀವ್ರ. ನನಗೆ ಕಂಡಂತೆ ತಯಾರಕರು ಯಾವ ಪಟಕ್ಕೆ ಯಾವುದನ್ನು ಹೇಳಿದ್ದಾರೋ ಅದನ್ನು ಬದಲಿಸದಿರುವುದೇ ಜಾಣತನ. ಒಂದು ಕಂಪನಿಯ ಪಟಕ್ಕೆ ಇನ್ನೊಂದರ ಹಿಡಿಕೋಲು ಕಟ್ಟಿ ಎಡವಟ್ಟು ಮಾಡಿಕೊಂಡವರು ಇದ್ದಾರೆ.

ಈ ದಾರ ಯಾವುದರಿಂದ ಮಾಡಿದ್ದು? ನೆದರ್ಲೆಂಡ್ಸಿನಲ್ಲಿ ಅಭಿವೃದ್ಧಿಪಡಿಸಿದ ಡೈನೀಮಾ ಎಂಬ ಪಾಲಿಥೀನ್ ನೂಲು. ಹೌದು, ನಾವು ತರಕಾರಿ ತರುವ ಚೀಲದ ಪಾಲಿಥೀನ್ ವಂಶದ್ದೇ, ಆದರೆ ಅಣುಸರಪಣಿಗಳು ಅತಿ ಉದ್ದ, ಎಲ್ಲವೂ ಒಂದೇ ದಿಕ್ಕಿಗೆ ಮಲಗಿರುತ್ತವೆ. ಎರಡು ಮಿಲಿಮೀಟರಿಗೂ ಸಣ್ಣ ಎಳೆ ಇನ್ನೂರು ಮುನ್ನೂರು ಕಿಲೋ ತಡೆಯುತ್ತದೆ, ನೀರಿನಲ್ಲಿ ತೇಲುತ್ತದೆ. ಇಂಥ ಎಳೆಗೆ ಎರಡು ಶಾಪಗಳಿವೆ. ಶಾಖ ತಡೆಯುವುದಿಲ್ಲ; ಸುಮಾರು 150 ಡಿಗ್ರಿಗೆ ಕರಗುತ್ತದೆ. ಬಿಗಿಯಾಗಿರುವ ಒಂದು ದಾರದ ಮೇಲೆ ಇನ್ನೊಬ್ಬನ ದಾರ ಉಜ್ಜಿದರೆ ಗರಗಸ ಆಡಿಸಿದಂತೆ ಕ್ಷಣದಲ್ಲಿ ತುಂಡಾಗುತ್ತದೆ. ನಮ್ಮಲ್ಲಿ ಎದುರಾಳಿಯ ದಾರ ಕತ್ತರಿಸಲೆಂದೇ ಗಾಜಿನ ಪುಡಿ ಬಳಿದ ಮಾಂಜಾ ಮಾಡುತ್ತಾರೆ; ಪಕ್ಷಿಗಳ ರೆಕ್ಕೆ, ಬೈಕ್ ಸವಾರರ ಕತ್ತು ಕುಯ್ದ ಆ ನೈಲಾನ್ ಮಾಂಜಾವನ್ನು 2017ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ನಿಷೇಧಿಸಿತು. ಡೈನೀಮಾ ದಾರಕ್ಕೆ ಗಾಜಿನ ಪುಡಿ ಬೇಕಿಲ್ಲ. ಸೆಳೆತದಲ್ಲಿರುವಾಗ ಬೆರಳಿಗೆ ಸುತ್ತಿಕೊಂಡರೆ ಸಾಕು. ಆದ್ದರಿಂದ ಶಾಲೆಗಳಲ್ಲಿ ಹೇಳುವ ಮೊದಲ ಪಾಠ, ಪಟ ಮೇಲಿರುವಾಗ ದಾರ ಮುಟ್ಟಬೇಡಿ.

ಎರಡನೆಯ ಶಾಪ, ಅದು ಸದ್ದಿಲ್ಲದೆ ಹಿಗ್ಗುತ್ತದೆ. ಭಾರದ ಹೆಚ್ಚಿನ ಪಾಲು ಹೊರುವುದು ಮುಂದಾರವಾದ್ದರಿಂದ ಅದೇ ಹೆಚ್ಚು ಹಿಗ್ಗುತ್ತದೆ. ಹಿಂದಾರ ಅಷ್ಟಾಗಿ ಹಿಗ್ಗುವುದಿಲ್ಲ. ಒಂದು ಹಂಗಾಮು ಆಡಿದ ಮೇಲೆ ಎರಡರ ನಡುವೆ ಕೆಲವು ಸೆಂಟಿಮೀಟರ್ ಅಂತರ ಬರುತ್ತದೆ. ಪರಿಣಾಮ, ಹಿಂದಾರ ಸದಾ ಎಳೆದಂತೆಯೇ ಇರುತ್ತದೆ. ಹಿಡಿಕೋಲು ತಳ್ಳಿದರೂ ಸೆಳೆತ ಇಳಿಯುವುದಿಲ್ಲ, ಮಂದಗಾಳಿಯಲ್ಲಿ ಪಟ ಹಿಂದಕ್ಕೆ ಜಾರಿ ಬೀಳುತ್ತದೆ. ಸವಾರ ಪಟವನ್ನು ಬೈಯುತ್ತಾನೆ, ಹೊಸ ಪಟ ಕೊಳ್ಳುತ್ತಾನೆ. ದೋಷ ಬಟ್ಟೆಯಲ್ಲಿಲ್ಲ, ದಾರದಲ್ಲಿದೆ. ಎಡಬಲದ ದಾರಗಳಲ್ಲಿ ವ್ಯತ್ಯಾಸ ಬಂದರಂತೂ ಪಟ ಹದತಪ್ಪಿದ ಎತ್ತಿನಂತೆ ಒಂದೇ ಪಕ್ಕಕ್ಕೆ ಎಳೆಯುತ್ತದೆ. ಇದಕ್ಕೆ ಮದ್ದು ಬಹಳ ಅಗ್ಗ. ನಾಲ್ಕೂ ದಾರದ ತುದಿಗಳನ್ನು ಒಂದು ಮರಕ್ಕೋ ಕಂಬಕ್ಕೋ ಸಿಕ್ಕಿಸಿ, ಹಿಡಿಕೋಲನ್ನು ಜಗ್ಗಿ ಹಿಡಿದು, ಕೋಲು ನೇರ ನಿಲ್ಲುವುದೇ ನೋಡಬೇಕು. ಪಟಕ್ಕೆ ದಾರ ಸೇರುವ ತುಂಡುಹಗ್ಗದಲ್ಲಿ ಸಾಲಾಗಿ ಮೂರು ನಾಲ್ಕು ಗಂಟುಗಳಿರುತ್ತವೆ. ಒಂದು ಗಂಟಿನಿಂದ ಇನ್ನೊಂದಕ್ಕೆ ಬದಲಿಸಿದರೆ ಲೆಕ್ಕ ಸರಿಹೋಗುತ್ತದೆ. ಐದು ನಿಮಿಷದ ಕೆಲಸ.

ಇತ್ತೀಚಿನ ಸಂಗತಿಗಳನ್ನು ಬೇಗ ಹೇಳಿಬಿಡುತ್ತೇನೆ. 2008ರಲ್ಲಿ ನಮೀಬಿಯಾದ ಲುಡೆರಿಟ್ಸ್‌ನಲ್ಲಿ ಫ್ರಾನ್ಸಿನ ಸೆಬಾಸ್ಟಿಯನ್ ಕಟೆಲಾನ್ ಗಾಳಿಪಟದಿಂದ 50 ನಾಟ್ ವೇಗ ದಾಟಿದ. ಗಂಟೆಗೆ 93 ಕಿಲೋಮೀಟರ್. ಹಾಯಿ ಕಟ್ಟಿದ ಯಾವ ದೋಣಿಯೂ ಅದುವರೆಗೆ 50 ನಾಟ್ ಮುಟ್ಟಿರಲಿಲ್ಲ. ಒಲಿಂಪಿಕ್ಸಿಗೆ ಸೇರುವ ಕಥೆ ಮಾತ್ರ ಹಾವು ಏಣಿ ಆಟ. ರಿಯೋ ಕ್ರೀಡಾಕೂಟಕ್ಕೆ ವಿಂಡ್ ಸರ್ಫಿಂಗ್ ತೆಗೆದು ಗಾಳಿಪಟ ಸೇರಿಸಲು ಹಾಯಿ ಒಕ್ಕೂಟ 2012ರ ಮೇ ತಿಂಗಳಲ್ಲಿ ತೀರ್ಮಾನಿಸಿ, ನವೆಂಬರಿನಲ್ಲಿ ತಾನೇ ಅದನ್ನು ರದ್ದು ಮಾಡಿತು. ಕಡೆಗೆ 2024ರ ಪ್ಯಾರಿಸ್ ಕೂಟದಲ್ಲಿ, ಮಾರ್ಸೇ ಸಮುದ್ರದಲ್ಲಿ ಮೊದಲ ಸ್ಪರ್ಧೆ ನಡೆಯಿತು. ಆಸ್ಟ್ರಿಯಾದ ವಾಲೆಂಟಿನ್ ಬೊಂಟಸ್, ಬ್ರಿಟನ್ನಿನ ಎಲ್ಲೀ ಆಲ್ಡ್ರಿಜ್ ಚಿನ್ನ ಗೆದ್ದರು. ಅಲ್ಲಿ ಹಾರಿದ್ದು ಲೆಗೆನ್ಯೂ ಸಹೋದರರ ಕೊಳವೆ ಪಟ ಅಲ್ಲ ಎಂಬುದು ಗಮನಾರ್ಹ. ಪ್ಯಾರಾಗ್ಲೈಡರಿನಂತೆ ಎರಡು ಪದರ ಬಟ್ಟೆಯ ನಡುವೆ ಗಾಳಿ ತಾನಾಗಿ ತುಂಬಿಕೊಳ್ಳುವ ಪಟ, ಅದಕ್ಕೆ ಹತ್ತಾರು ಎಳೆಗಳ ಸೂತ್ರ. ಓಟಕ್ಕೆ ಅದು ಮೇಲು. ನೀರಿಗೆ ಬಿದ್ದರೆ ಎಬ್ಬಿಸುವುದು ಕಷ್ಟ. ಬೀಳದವರಿಗೆ ಮಾತ್ರ ಅದು.

ಕುಣಿಕೆಯನ್ನು ಒಂದೇ ತಳ್ಳಿಗೆ ಬಿಡಿಸುವ ವ್ಯವಸ್ಥೆಗೆ ಅಂತರರಾಷ್ಟ್ರೀಯ ಮಾನದಂಡ ಬಂದದ್ದು 2020ರಲ್ಲಿ. ಅದನ್ನು ತಳ್ಳಿದರೆ ಹಿಡಿಕೋಲು ಒಂದೇ ಮುಂದಾರದ ಮೇಲೆ ಸರ್ರನೆ ಮೇಲಕ್ಕೆ ಓಡಿ, ಪಟ ಬಲ ಕಳೆದುಕೊಂಡು ನೀರಿನ ಮೇಲೆ ಮಲಗುತ್ತದೆ. ಎಳೆತದಲ್ಲಿರುವಾಗ ಎಷ್ಟು ಬಲದಿಂದ ತಳ್ಳಿದರೆ ಅದು ಬಿಡಬೇಕು ಎಂಬುದನ್ನೆಲ್ಲ ಈಗ ಪರೀಕ್ಷಿಸುತ್ತಾರೆ. ಪೇಟೆಂಟಿನಿಂದ ಇಲ್ಲಿಗೆ ಮೂವತ್ತಾರು ವರ್ಷ. ಹಾರಿಸುವುದಕ್ಕೆ ಪಟ್ಟ ಶ್ರಮದಷ್ಟೇ ಬಿಡುವುದಕ್ಕೂ ಪಡಬೇಕಾಯಿತು.

ನಮ್ಮ ದೇಶದಲ್ಲಿ ಇದನ್ನು ಕಲಿಯಬಹುದೇ ಎಂದು ಭಾಷಣಕ್ಕೆ ಮುಂಚೆ ಒಬ್ಬರು ಕೇಳಿದರು. ತಮಿಳುನಾಡಿನ ರಾಮೇಶ್ವರದ ಬಳಿ ಕಲಿಸುತ್ತಾರೆ. ಅಲ್ಲಿ ತಟ್ಟೆಯಂತೆ ಸಪಾಟಾದ, ಆಳವಿಲ್ಲದ ನೀರೂ ಇದೆ, ಬೀಸುಗಾಳಿಯೂ ಇದೆ. ನಮ್ಮ ಪಣಂಬೂರಿನಲ್ಲಿ ಗಾಳಿಪಟ ಉತ್ಸವಗಳು ನಡೆದಿವೆ, ಆದರೆ ಅವು ನೋಡುವ ಪಟಗಳು, ಎಳೆಯುವ ಪಟಗಳಲ್ಲ. ಮುಂಗಾರಿನಲ್ಲಿ ನಮ್ಮ ಕರಾವಳಿಯ ಗಾಳಿ ಸಮುದ್ರದಿಂದ ನೇರ ದಡಕ್ಕೆ ನುಗ್ಗುತ್ತದೆ, ಅಲೆಗಳು ಆಳೆತ್ತರ; ಕಲಿಯುವವರಿಗೆ ಅದು ಜಾಗವಲ್ಲ. ಹೋಗುವವರಿದ್ದರೆ ಅಲ್ಲಿ ಪಟದ ಬಣ್ಣ, ಕಂಪನಿ ಕೇಳುವ ಮೊದಲು, ಈ ದಾರಗಳ ಉದ್ದವನ್ನು ಕೊನೆಯ ಬಾರಿ ಅಳೆದದ್ದು ಯಾವಾಗ ಎಂದು ಕೇಳಿ.